ಮೇಜಿನ ಆಚೆ ಬದಿ

ಕ್ಯಾಸಿನೊ ಮುಚ್ಚುವ ಸುದ್ದಿಯನ್ನು ಹರಿಶ್ಚಂದ್ರ ಮನೆಯಲ್ಲಿ ಹೇಳಿದ್ದು ಊಟದ ನಡುವೆ, ಬಂಗುಡೆ ಪುಳಿಮುಂಚಿಯನ್ನು ಎರಡನೇ ಸಲ ಬಡಿಸಿಕೊಳ್ಳುವಾಗ.

“ಮಾರ್ಚ್ ಕೊನೆಗೆ ನಮ್ಮ ಬ್ರಾಂಚ್ ಬಂದ್ ಅಂತೆ.”

ವಸಂತಿಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. “ಯಾರು ಹೇಳಿದ್ದು?”

“ಮ್ಯಾನೇಜರೇ. ಎಲ್ಲರನ್ನೂ ಕೂರಿಸಿ ಹೇಳಿದ್ರು. ಜೂಜಿನ ಟ್ಯಾಕ್ಸ್ ಹೋದ ವರ್ಷ ಏರಿಸಿದ್ರು, ಈ ವರ್ಷ ಪುನಃ ಏರಿಸಿದ್ರು. ಟೇಬಲ್ ನಡೆಸಿದ್ರೆ ಗಿಟ್ಟುದಿಲ್ಲಂತೆ. ಜನ ಎಲ್ಲ ಈಗ ಫೋನಲ್ಲೇ ಆಡುದಲ್ವಾ.”

ಇದನ್ನು ಹೇಳುವಾಗ ಅವನು ಸೊಸೆಯ ಕಡೆ ನೋಡಲಿಲ್ಲ. ಕ್ಷಮಾ ಕೆಲಸ ಮಾಡುತ್ತಿದ್ದುದು ಆಮ್‌ಸ್ಟರ್‌ಡ್ಯಾಮ್ ಬಳಿಯ ಹೂಫ್‌ಡಾರ್ಪಿನ ಒಂದು ಆನ್‌ಲೈನ್ ಜೂಜಿನ ಕಂಪನಿಯಲ್ಲಿ. ಆಡಿಸುವ ಕೆಲಸವಲ್ಲ. ವಿಪರೀತ ಸೋಲುತ್ತಿರುವವರಿಗೆ ಫೋನ್ ಮಾಡಿ, ಅವರ ಆಟ ಹಿಡಿತದಲ್ಲಿ ಇದೆಯೋ ಇಲ್ಲವೋ ಎಂದು ವಿಚಾರಿಸುವ ಕೆಲಸ. ಅಂಥದೊಂದು ವಿಭಾಗ ಇಟ್ಟುಕೊಳ್ಳದ ಕಂಪನಿಗೆ ಸರಕಾರ ಲೈಸೆನ್ಸ್ ಕೊಡುತ್ತಿರಲಿಲ್ಲ.

ಹರಿಶ್ಚಂದ್ರನಿಗೆ ಐವತ್ತೊಂಬತ್ತು ವರ್ಷ. ಕಾಪುವಿನಿಂದ ಮುಂಬೈಗೆ, ಮುಂಬೈಯಿಂದ ಪ್ರವಾಸಿಗಳ ಹಡಗಿಗೆ ಹೋಗಿ, ಆ ಹಡಗಿನ ಕ್ಯಾಸಿನೊದಲ್ಲಿ ಇಸ್ಪೀಟು ಹಂಚಲು ಕಲಿತವನು. ಆಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ಒಂದೇ ಕ್ಯಾಸಿನೊದಲ್ಲಿ ಇಪ್ಪತ್ತನಾಲ್ಕು ವರ್ಷ ರೂಲೆಟ್ ಚಕ್ರ ತಿರುಗಿಸಿದ. ಕೆಲಸದ ಕೋಟಿಗೆ ಜೇಬೇ ಇರಲಿಲ್ಲ. ಟೇಬಲ್ ಬಿಟ್ಟು ಹೋಗುವ ಮುಂಚೆ ಎರಡೂ ಅಂಗೈ ತಟ್ಟಿ, ಬಿಡಿಸಿ, ಕ್ಯಾಮೆರಾಕ್ಕೆ ತೋರಿಸಬೇಕಿತ್ತು. ಇಷ್ಟು ವರ್ಷಗಳಲ್ಲಿ ಒಂದು ಲಾಟರಿ ಟಿಕೆಟನ್ನೂ ಅವನು ಕೊಂಡವನಲ್ಲ. ಅವರು ಮನೆ ಮಾಡಿಕೊಂಡಿದ್ದ ಆಲ್ಮೆರೆಯ ಕನ್ನಡದವರ ಹಬ್ಬದ ಊಟಗಳಲ್ಲಿ ಯಾರಾದರೂ ಕೆಣಕಿದರೆ, “ಮೇಜಿನ ಆಚೆ ಬದಿ ನಿಂತು ನೋಡಿದವ ಈಚೆ ಬದಿ ಬಂದು ಆಡುದಿಲ್ಲ ಮಾರಾಯ್ರೆ” ಎನ್ನುತ್ತಿದ್ದ.

“ದುಡ್ಡು ಕೊಡ್ತಾರಲ್ಲ ಅಪ್ಪ?” ಎಂದು ಕೇಳಿದ ಮಗ ಶ್ರೀಜಿತ್.

“ಕೊಡ್ತಾರೆ. ನಲವತ್ತು ಸಾವಿರ ಯೂರೊದ ಹತ್ರ ಆಗ್ತದೆ. ಪೆನ್ಶನ್ ಬರ್ಲಿಕ್ಕೆ ಇನ್ನೂ ಎಂಟು ವರ್ಷ ಉಂಟು.”

“ಹಾಗಾದ್ರೆ ಅದನ್ನು ಮುಟ್ಟುದು ಬೇಡ. ನನ್ನ ಒಟ್ಟಿಗೆ ಬನ್ನಿ. ನಂಗೂ ಜನ ಬೇಕು.”

ವಸಂತಿ ಸೌಟು ಕೆಳಗಿಟ್ಟಳು. “ನಿನ್ನ ಒಟ್ಟಿಗೆಯಾ? ಆ ಗಾಂಜಾದವರ ಹಿಂದೆ ತಿರುಗ್ಲಿಕ್ಕಾ?”

“ಅಮ್ಮ, ಟೂರಿಸ್ಟ್ಸ್ ಅವರು.”

“ಅಜ್ಜ ವಿಲ್ ಬಿ ಎ ಗೈಡ್?” ಎಂದಳು ಏಳು ವರ್ಷದ ಮೊಮ್ಮಗಳು ಸ್ಮೃತಿ, ಮೀನಿನ ಮುಳ್ಳು ತಟ್ಟೆಯ ಅಂಚಿಗೆ ಇಡುತ್ತ.



*

ಭಾರತದಿಂದ ಬರುವ ಗುಂಪುಗಳಿಗೆ ಊರು ತೋರಿಸುವುದು ಶ್ರೀಜಿತ್‌ನ ಕಸುಬು. ಶುರುವಿನಲ್ಲಿ ಟ್ಯುಲಿಪ್ ತೋಟ, ಗಾಳಿಗಿರಣಿ, ಚೀಸ್ ಅಂಗಡಿ, ಕಾಲುವೆಯ ದೋಣಿ ಇಷ್ಟೇ ಇತ್ತು; ಬರುವವರು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು. ಮೂರು ವರ್ಷದಿಂದೀಚೆಗೆ ಬರುವವರೇ ಬೇರೆ. ಮದುವೆಗೆ ಮುಂಚಿನ ಪಾರ್ಟಿಯೆಂದು ಹತ್ತು ಹನ್ನೆರಡು ಹುಡುಗರು ಒಟ್ಟಿಗೆ ಇಳಿಯುತ್ತಿದ್ದರು. ಗಾಳಿಗಿರಣಿಯ ಮುಂದೆ ಒಂದು ಫೋಟೊ ತೆಗೆಸಿಕೊಂಡ ಮೇಲೆ ಅವರ ಪ್ರಶ್ನೆ ಒಂದೇ: “ಬ್ರೋ, ಕಾಫಿಶಾಪ್ ಯಾವಾಗ?” ಕಾಫಿಶಾಪ್ ಎಂಬುದು ಹೆಸರಿಗೆ ಮಾತ್ರ, ಅಲ್ಲಿ ಮಾರುವುದು ಗಾಂಜಾ. ಹೊರದೇಶದವರಿಗೆ ಮಾರುವುದನ್ನು ನಿಲ್ಲಿಸಬೇಕು ಎಂಬ ಮಾತು ನಗರಸಭೆಯಲ್ಲಿ ಆಗಾಗ ಏಳುತ್ತಿತ್ತು. ಹಾಗೆ ಎದ್ದಾಗಲೆಲ್ಲ, ನಿಲ್ಲಿಸುವ ಮುಂಚೆ ಒಮ್ಮೆ ಬಂದುಬಿಡೋಣ ಎಂದು ಬುಕಿಂಗ್ ಇನ್ನೂ ಹೆಚ್ಚುತ್ತಿತ್ತು.

ಏಪ್ರಿಲ್ ಮೊದಲ ವಾರ ಹರಿಶ್ಚಂದ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಗನ ವ್ಯಾನು ಹತ್ತಿದ. ಬೆಳಗ್ಗೆ ತೋಟ, ಮಧ್ಯಾಹ್ನ ದೋಣಿ. ಮೂರು ಗಂಟೆಗೆ ಗುಂಪು ಕಾಫಿಶಾಪಿನ ಬಾಗಿಲಿಗೆ ಬಂತು.

“ಅಪ್ಪ, ನೀವು ಇಲ್ಲೇ ಬೆಂಚಲ್ಲಿ ಕೂತ್ಕೊಳ್ಳಿ. ಬ್ಯಾಗ್ ಎಲ್ಲ ಇಲ್ಲಿರ್ತದೆ.”

“ಗಾಂಜಾ ಸೇದುವವರ ಬ್ಯಾಗ್ ಕಾಯುದಾ ನಾನು?”

“ಇಪ್ಪತ್ತನಾಲ್ಕು ವರ್ಷ ನೀವು ಎಂತ ಮಾಡಿದ್ದು? ಸೋತವರ ಚಿಪ್ಸ್ ಎಳ್ಕೊಂಡದ್ದಲ್ವಾ?”

“ಅದು ಕಾನೂನು ಪ್ರಕಾರ ನಡೆಯುವ ಜಾಗ.”

“ಇದೂ ಅಷ್ಟೇ. ಬಾಗಿಲಲ್ಲಿ ಐಡಿ ನೋಡ್ತಾರೆ. ಐದು ಗ್ರಾಮಿಗಿಂತ ಮೇಲೆ ಕೊಡುದಿಲ್ಲ. ನಿಮ್ಮಲ್ಲಿ ಹಾಗೆ ಲಿಮಿಟ್ ಇತ್ತಾ?”

ಹರಿಶ್ಚಂದ್ರ ಬೆಂಚಿನಲ್ಲಿ ಕುಳಿತ. ಅರ್ಧ ಗಂಟೆಯ ಮೇಲೆ ಒಬ್ಬ ಹುಡುಗ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಗಾಂಜಾ ಹಾಕಿದ ಕೇಕನ್ನು ಒಂದರ ಜಾಗದಲ್ಲಿ ಎರಡು ತಿಂದಿದ್ದ. ಮುಖ ಬೆಳ್ಳಗಾಗಿತ್ತು. “ಅಂಕಲ್, ಎದೆ ಹೊಡ್ಕೊಳ್ತಿದೆ. ನಾನು ಸಾಯ್ತೀನಾ?” ಎಂದು ಕೇಳಿ ಕಾಲುವೆಯ ಕಟ್ಟೆಯ ಮೇಲೆ ವಾಂತಿ ಮಾಡಿದ. ಹೆಸರು ಶಮಂತ್ ಎಂದೂ, ಮನೆ ದಾವಣಗೆರೆ ಎಂದೂ ತೊದಲಿದ. ಹರಿಶ್ಚಂದ್ರ ಅವನ ಬಾಯಿ ತೊಳೆಸಿ, ಸಕ್ಕರೆ ಹಾಕಿದ ಟೀ ತಂದು ಕುಡಿಸಿ, ಬೆನ್ನು ನೀವುತ್ತ ಕೂತ. ಬಿಳಿ ಅಂಗಿಯ ತೋಳಿಗೆ ಕಲೆಯಾಯಿತು. ಸಂಜೆ ಹೊರಡುವಾಗ ಹುಡುಗ ಸಂಕೋಚದಿಂದ ಹತ್ತು ಯೂರೊ ನೋಟು ಅವನ ಕೈಗೆ ತುರುಕಿದ.

“ಬೇಡಪ್ಪ.”

“ಇಟ್ಕೊಳ್ಳಿ ಅಂಕಲ್. ನಮ್ಮಪ್ಪ ಆಗಿದ್ರೆ ಹೊಡೀತಿದ್ರು.”

ಟೇಬಲ್ಲಿನಲ್ಲಿ ಭಕ್ಷೀಸು ಬಂದರೆ ಅದು ಎಲ್ಲರ ಡಬ್ಬಿಗೆ ಬೀಳುತ್ತಿತ್ತು, ತಿಂಗಳ ಕೊನೆಗೆ ಎಲ್ಲರಿಗೂ ಪಾಲು. ಕೈಗೆ ಬಂದ ಭಕ್ಷೀಸು ಇದೇ ಮೊದಲು. ಮರುದಿನ ಅದೇ ಬೆಂಚಿನಲ್ಲಿ ಕೂತಿದ್ದಾಗ ಅವನು ಫೋನ್ ತೆರೆದ. ಜಾಹೀರಾತೊಂದರ ಒಳಗೆ ಹೋದರೆ ಅಲ್ಲಿ ನಿಜವಾದ ಚಕ್ರ, ನಿಜವಾದ ಟೇಬಲ್. ಯಾವುದೋ ದೇಶದ ಸ್ಟುಡಿಯೊದಲ್ಲಿ ನಿಂತ ಹುಡುಗಿಯೊಬ್ಬಳು ಚೆಂಡನ್ನು ಬೆರಳ ತುದಿಯಿಂದ ಬಿಡುತ್ತಿದ್ದಳು. ಅವಳ ಮಣಿಕಟ್ಟು ತುಸು ಬಿಗಿಯಾಗಿದೆ ಅನ್ನಿಸಿತು ಹರಿಶ್ಚಂದ್ರನಿಗೆ. ಅರ್ಧ ಗಂಟೆ ಸುಮ್ಮನೆ ನೋಡಿದ. ನಂತರ ಐಡಿ ತೋರಿಸಿ ಖಾತೆ ತೆರೆದು ಹತ್ತು ಯೂರೊ ಹಾಕಿದ.

*

ಮೇ ತಿಂಗಳ ಮೊದಲ ಭಾನುವಾರ ವಸಂತಿ ನೀರುದೋಸೆ ಎರೆಯುತ್ತಿದ್ದಳು. ಸ್ಮೃತಿ ಬೆಲ್ಲ-ಕಾಯಿ ಕಲಸುತ್ತ ಹೇಳಿದಳು: “ಅಜ್ಜಿ, ಅಜ್ಜನ ಫೋನಲ್ಲಿ ಒಂದು ಆಂಟಿ ಇದಾಳೆ. ಶೀ ಈಸ್ ವೆರಿ ಪ್ರೆಟಿ. ಅಜ್ಜನಿಗೆ ‘ಹಲೋ ಕಾಪು’ ಅಂತಾಳೆ.”

ದೋಸೆ ಕಾವಲಿಯಲ್ಲೇ ಒಣಗಿತು. ಮಧ್ಯಾಹ್ನ ಮಗ ಸೊಸೆ ಹೊರಗೆ ಹೋದದ್ದೇ ವಸಂತಿ ಗಂಡನ ಎದುರು ನಿಂತಳು.

“ಯಾರು ಅದು?”

“ಯಾರು?”

“ನಿಮ್ಮನ್ನು ಕಾಪು ಅಂತ ಕರೆಯುವವಳು. ಮೊಮ್ಮಗಳಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ. ಈ ಪ್ರಾಯದಲ್ಲಿ ನಿಮಗೆ ಎಂತ ಬಂದದ್ದು?”

ಹರಿಶ್ಚಂದ್ರ ಒಂದು ಗಳಿಗೆ ಅವಳನ್ನೇ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಫೋನ್ ತೆಗೆದು ತೋರಿಸಿದ. ಚಕ್ರ ತಿರುಗುತ್ತಿತ್ತು, ಹುಡುಗಿ ನಗುತ್ತಿದ್ದಳು.

“ಡೀಲರ್ ಮಾರಾಯ್ತಿ ಇವಳು. ನನ್ನ ಹಾಗೆ ಕೆಲಸದವಳು. ಆಡುವವರ ಹೆಸರು ಅವಳ ಸ್ಕ್ರೀನಲ್ಲಿ ಬರ್ತದೆ, ಅದನ್ನು ಓದಿ ಹಲೋ ಹೇಳುದು.”

“ಆಡುವವರ ಹೆಸರಾ? ನೀವು ಆಡ್ತೀರಾ?”

“ಇಲ್ಲ. ನೋಡುದು. ಒಳಗೆ ಬಿಡ್ಲಿಕ್ಕೆ ಹತ್ತು ಯೂರೊ ಹಾಕಿದ್ದೆ, ಅಷ್ಟೇ. ಕೈ ನೋಡು ಅವಳದ್ದು. ಚೆಂಡು ಬಿಡುವಾಗ ಹೆಬ್ಬೆರಳು ಅಡ್ಡ ಬರ್ತದೆ.”

ವಸಂತಿಗೆ ಎಷ್ಟು ನಿರಾಳವಾಯಿತೆಂದರೆ ಮುಂದೆ ಏನನ್ನೂ ಕೇಳಲಿಲ್ಲ. ಕೆಲಸ ಹೋದವನು, ಪಾಪ, ನೋಡಿಕೊಳ್ಳಲಿ ಅಂದುಕೊಂಡಳು. ಸಂಜೆ ಅವನಿಗೆಂದೇ, ನಮ್ಮ ಕಡೆಯ ತರಕಾರಿ ಸಿಗುವ ಸುರಿನಾಮಿಗಳ ಟೋಕೊ ಅಂಗಡಿಗೆ ಹೋಗಿ ಬಸಳೆ ತಂದಳು.

*

ಅದಾಗಿ ಒಂಬತ್ತನೇ ದಿನ, ಮಂಗಳವಾರ, ಕ್ಷಮಾಳ ಕಂಪ್ಯೂಟರಿನ ಪಟ್ಟಿಯಲ್ಲಿ ಅವತ್ತು ಫೋನ್ ಮಾಡಬೇಕಾದವರ ಹೆಸರುಗಳು ಬಂದವು. ಏಳನೆಯದು ಅವಳ ಮಾವನದು. ಊರು ಆಲ್ಮೆರೆ, ವಯಸ್ಸು ಐವತ್ತೊಂಬತ್ತು. ಪಕ್ಕದಲ್ಲಿ ಮೂರು ವಾರಗಳಲ್ಲಿ ಕಳೆದುಕೊಂಡ ಮೊತ್ತ.

ಅವಳು ನೇರವಾಗಿ ತಂಡದ ಮುಖ್ಯಸ್ಥ ನಿತಿನ್ ಬಳಿ ಹೋದಳು. ಅವನೂ ಅವಳ ಹಾಗೆ ಬೆಂಗಳೂರಿನವನೇ.

“ಇದು ನಮ್ಮ ಮಾವ.”

ನಿತಿನ್ ಬಾಗಿಲು ಮುಚ್ಚಿದ. “ಒಳ್ಳೇದಾಯ್ತು ಹೇಳಿದ್ದು. ಕಾನ್‌ಫ್ಲಿಕ್ಟ್ ಅಂತ ಬರ್ಕೊಳ್ತೀನಿ. ಕಾಲ್ ನಾನೇ ಮಾಡ್ತೀನಿ. ನೀನು ಇದನ್ನ ನೋಡೇ ಇಲ್ಲ ಅಂದ್ಕೋ.”

“ಮನೇಲಿ ಹೇಳಬೇಕು ನಿತಿನ್.”

“ಹೇಳಂಗಿಲ್ಲ. ಕಸ್ಟಮರ್ ಡೇಟಾ ಅದು. ಗಂಡನಿಗೆ ಹೇಳಿದ್ರೂ ಬ್ರೀಚ್. ನಿನ್ನ ಕೆಲಸ ಹೋಗುತ್ತೆ, ಕಂಪನಿಗೂ ತೊಂದರೆ ಆಗುತ್ತೆ. ನಾವು ಪ್ರೊಸೀಜರ್ ಪ್ರಕಾರ ಹೋಗೋಣ.”

ಅವನು ಪ್ರೊಸೀಜರ್ ಪ್ರಕಾರವೇ ಹೋದ. ಮರುದಿನ ಮಧ್ಯಾಹ್ನ ಕ್ಷಮಾಳ ಮೇಜಿನ ಬಳಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ: “ಎಷ್ಟು ಪೊಲೈಟ್ ನಿಮ್ಮ ಮಾವ. ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಕೊಡ್ತಾರೆ. ಸಾಲ ಮಾಡಿ ಆಡ್ತಿಲ್ಲ, ನಿದ್ದೆ ಸರಿಯಾಗಿ ಬರುತ್ತೆ, ಮನೆಯವರಿಗೆ ಗೊತ್ತಿದೆ ಅಂದ್ರು. ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದಾರೆ, ಅದರಲ್ಲಿ ದುಡ್ಡಿದೆ. ಕ್ಲಿಯರ್.”

“ಮನೆಯವರಿಗೆ ಗೊತ್ತಿದೆ ಅಂದ್ರಾ?”

“ಹೂಂ. ಅಷ್ಟೇ ಅಲ್ಲ, ಅವರ ಕ್ಯಾಸಿನೊದಲ್ಲಿ ಈ ಪ್ರಶ್ನೆ ಕೇಳೋ ಟ್ರೈನಿಂಗ್ ಪ್ರತಿ ವರ್ಷ ಇತ್ತಂತೆ. ಅವರೇ ನಗ್ತಾ ಹೇಳಿದ್ರು.”

ಎರಡು ವಾರ ಕ್ಷಮಾ ಮನೆಯಲ್ಲಿ ಮಾವನ ಎದುರೇ ಕೂತು ಉಂಡಳು. “ಇನ್ನೊಂದು ದೋಸೆ ಹಾಕ್ಲಾ ಮಾವ?” ಎಂದು ಕೇಳಿದಳು. ಆಫೀಸಿನಲ್ಲಿ ಅವನ ಮೊತ್ತ ಏರುತ್ತಿದ್ದುದನ್ನು ನೋಡಬಾರದಿತ್ತು, ನೋಡಿದಳು. ಆಮೇಲಿನ ಶನಿವಾರ, ಮಾರ್ಕೆಟ್ಟಿನಿಂದ ತಂದ ಬಂಗುಡೆಯನ್ನು ಅತ್ತೆಯೂ ಅವಳೂ ಸಿಂಕಿನಲ್ಲಿ ತೊಳೆಯುತ್ತಿದ್ದಾಗ ಬಾಯಿ ಬಿಟ್ಟಳು.

“ಅತ್ತೆ, ಮಾವ ಜೂಜಾಡ್ತಿದಾರೆ. ಕ್ಯಾಸಿನೊದವರು ಕೊಟ್ಟ ದುಡ್ಡಲ್ಲಿ ಅರ್ಧ ಹೋಗಿದೆ.”

“ಅವರು ನೋಡುದು ಮಾತ್ರ. ನಂಗೆ ತೋರ್ಸಿದ್ದಾರೆ.”

“ಅತ್ತೆ, ಅವರು ಆಡ್ತಿರೋದು ನಮ್ಮ ಕಂಪನಿಯದೇ ಸೈಟಲ್ಲಿ, ಹೆಸರು ಬೇರೆ ಅಷ್ಟೇ. ಲೆಕ್ಕ ನಾನು ನೋಡಿದೀನಿ. ಹೇಳಿದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

ವಸಂತಿ ಮೀನಿನ ತಲೆ ಕತ್ತರಿಸಿ ಬದಿಗಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ಕತ್ತರಿಸಿದಳು.

“ಶ್ರೀಜಿತ್‌ಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ. ಅಪ್ಪ-ಮಗ ಅಂತ ಒಂದು ಮರ್ಯಾದೆ ಉಂಟು. ನಾನು ಕೇಳ್ತೇನೆ.”

ಆ ದಿನವೇ ಕೇಳಿದಳು. ಹರಿಶ್ಚಂದ್ರ ಸುಳ್ಳು ಹೇಳಲಿಲ್ಲ. ಮಂಚದ ಅಂಚಿನಲ್ಲಿ ಕೂತು, “ಹೌದು” ಎಂದ. ಯಾಕೆ ಎಂದು ಕೇಳಿದ್ದಕ್ಕೆ, “ಆ ಬೆಂಚಲ್ಲಿ ಕೂತು ಕೂತು...” ಎಂದು ಅರ್ಧಕ್ಕೆ ನಿಲ್ಲಿಸಿದ. ವಸಂತಿ ಅಳಲಿಲ್ಲ. ಸೊಸೆಯನ್ನು ಕರೆದಳು. ಕ್ಷಮಾ ಲ್ಯಾಪ್‌ಟಾಪ್ ತಂದು ಕ್ರುಕ್ಸ್ ಎಂಬ ಸರಕಾರದ ಪಟ್ಟಿಯನ್ನು ತೆರೆದಳು. ತನ್ನನ್ನು ಆಡಲು ಬಿಡಬೇಡಿ ಎಂದು ಅದರಲ್ಲಿ ಹೆಸರು ಬರೆಸಿದವನಿಗೆ ದೇಶದ ಯಾವ ಕ್ಯಾಸಿನೊವೂ, ಲೈಸೆನ್ಸ್ ಇರುವ ಯಾವ ವೆಬ್‌ಸೈಟೂ ಬಾಗಿಲು ತೆರೆಯುವಂತಿಲ್ಲ. ಹರಿಶ್ಚಂದ್ರ ತಾನೇ ಹೆಸರು ತುಂಬಿಸಿದ. ಎಷ್ಟು ಕಾಲ ಎಂಬಲ್ಲಿ ಒಂದು ವರ್ಷ ಎಂದು ಬರೆದ.

“ನನ್ನ ಟೇಬಲ್ಲಿಗೂ ಇಂಥವರು ಬರ್ತಿದ್ರು. ಬಾಗಿಲಲ್ಲೇ ಕೆಂಪು ಲೈಟ್ ಬರ್ತಿತ್ತು” ಎಂದ.

“ಇನ್ನು ಆ ಮಾತು ಬೇಡ. ಊಟಕ್ಕೆ ಬನ್ನಿ” ಎಂದಳು ವಸಂತಿ.

*

ಜೂನ್ ತಿಂಗಳು ಮನೆ ನೆಮ್ಮದಿಯಲ್ಲಿತ್ತು. ಹರಿಶ್ಚಂದ್ರ ಸ್ಮೃತಿಯನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದ, ಹಿತ್ತಿಲಲ್ಲಿ ಹರಿವೆ ಬಿತ್ತಿದ. ಬೆಂಚಿನಲ್ಲಿ ಕೂರಲು ಮನಸ್ಸಿಲ್ಲ, ಮನೆಯಿಂದಲೇ ಏನಾದರೂ ಮಾಡುತ್ತೇನೆ ಎಂದು ಮಗನಿಗೆ ಹೇಳಿದ. ಶ್ರೀಜಿತ್‌ಗೆ ಅದೇ ಬೇಕಿತ್ತು. “ಹೋಟೆಲ್ ಬುಕಿಂಗ್, ಪೇಮೆಂಟ್ ಎಲ್ಲ ಅಪ್ಪ ನೋಡ್ಕೊಳ್ಳಿ. ಲೆಕ್ಕದಲ್ಲಿ ಅಪ್ಪ ಒಂದು ಪೈಸೆ ತಪ್ಪುದಿಲ್ಲ” ಎಂದು ಕಂಪನಿಯ ಕಾರ್ಡನ್ನು ಅವನ ಕೈಗೆ ಕೊಟ್ಟ. ಅಡುಗೆಮನೆಯಲ್ಲಿದ್ದ ವಸಂತಿ ಕ್ಷಮಾಳನ್ನು ನೋಡಿದಳು. ಕ್ಷಮಾ ವಸಂತಿಯನ್ನು ನೋಡಿದಳು. ಇಬ್ಬರೂ ಕೆಲಸಕ್ಕೆ ತಿರುಗಿದರು.

ಹರಿಶ್ಚಂದ್ರನ ಈಮೇಲಿಗೆ ಆಗಲೇ ಬೇರೆ ಬಗೆಯ ಜಾಹೀರಾತು ಬರತೊಡಗಿತ್ತು. ಯಾವುದೋ ದ್ವೀಪದ ವಿಳಾಸವಿದ್ದ, ಲೈಸೆನ್ಸ್ ಇಲ್ಲದ ಸೈಟುಗಳು. ಕ್ರುಕ್ಸ್ ನೋಡುವುದಿಲ್ಲ ಎಂಬುದನ್ನೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದವು. ಅಲ್ಲಿ ಐಡಿ ಬೇಡ, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಡ. ಎಷ್ಟು ಸೋತರೂ ಯಾರೂ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಉಳಿದಿದ್ದ ಅರ್ಧ ದುಡ್ಡು ಮೂರು ವಾರದಲ್ಲಿ ಮುಗಿಯಿತು. ಆಮೇಲೆ ಕಾರ್ಡು.

ಜುಲೈ ಎರಡನೇ ಶುಕ್ರವಾರ ಹುಬ್ಬಳ್ಳಿಯಿಂದ ಹದಿನಾಲ್ಕು ಹುಡುಗರ ಗುಂಪು ಬಂತು. ವಿಮಾನ ಇಳಿದು, ವ್ಯಾನಿನಲ್ಲಿ ಹಾಡು ಹೇಳುತ್ತ ಹೋಟೆಲ್ ತಲುಪಿದರೆ, ದುಡ್ಡು ಕಟ್ಟದ ಕಾರಣ ಬುಕಿಂಗ್ ಹತ್ತು ದಿನದ ಹಿಂದೆಯೇ ರದ್ದಾಗಿದೆ ಎಂದರು. ಊರಲ್ಲಿ ಏನೋ ಉತ್ಸವ, ಎಲ್ಲೂ ಕೋಣೆಯಿಲ್ಲ. ಶ್ರೀಜಿತ್ ಅಪ್ಪನಿಗೆ ಆರು ಸಲ ಫೋನ್ ಮಾಡಿದ. ಆರನೇ ಸಲ ವಸಂತಿ ಎತ್ತಿದಳು.

“ಅಮ್ಮ, ಅಪ್ಪ ಎಲ್ಲಿ?”

“ಹಿತ್ತಿಲಲ್ಲಿ ಕೂತಿದ್ದಾರೆ. ಮಾತಾಡುದಿಲ್ಲ.”

ಬೇರೆ ದಾರಿ ಕಾಣದೆ ಅವನು ಗುಂಪನ್ನು ಆಲ್ಮೆರೆಯ ಮನೆಗೇ ತಂದ. ಹದಿನಾಲ್ಕು ಸೂಟ್‌ಕೇಸು ಮೆಟ್ಟಿಲ ಕೆಳಗೆ, ಹದಿನಾಲ್ಕು ಜೊತೆ ಶೂ ಬಾಗಿಲಲ್ಲಿ. ವಸಂತಿ ಮನೆಯಲ್ಲಿದ್ದ ರವೆಯನ್ನೆಲ್ಲ ಹುರಿದು ಉಪ್ಪಿಟ್ಟು ಮಾಡಿದಳು. ಕ್ಷಮಾ ಪಕ್ಕದ ಮನೆಗಳಿಂದ ಹೊದಿಕೆ ಕೇಳಿ ತಂದಳು. ಹುಡುಗರು ಒಳ್ಳೆಯವರೇ. “ಅಮ್ಮಾರ, ಉಪ್ಪಿಟ್ಟ ಭಾಳ ಛಲೋ ಆಗೇತ್ರಿ” ಎಂದರು. ತಾವೇ ತಟ್ಟೆ ತೊಳೆದರು. ಸೇದುವವರು ಹಿತ್ತಿಲಿಗೆ ಹೋದಾಗ, ಹರಿವೆ ಮಡಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಹರಿಶ್ಚಂದ್ರನಿಗೆ ನಮಸ್ಕಾರ ಹೇಳಿದರು. ಅವನೂ ಕೈಮುಗಿದ. ತಮ್ಮ ದುಡ್ಡು ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅವರೇ ಉಟ್ರೆಕ್ಟಿನಲ್ಲಿ ಕೋಣೆ ಹುಡುಕಿಕೊಂಡು, ಹಣ ವಾಪಸು ಬರಬೇಕೆಂದು ಸೌಜನ್ಯದಿಂದಲೇ ಹೇಳಿ ಹೊರಟರು. ಬಾಗಿಲು ಹಾಕಿದ್ದೇ ಶ್ರೀಜಿತ್ ಕಾರ್ಡಿನ ಲೆಕ್ಕ ಹಿಡಿದು ಅಪ್ಪನ ಎದುರು ಬಂದ.

“ಎಷ್ಟು ದಿನದಿಂದ?”



“ಏಪ್ರಿಲಿಂದ” ಎಂದಳು ವಸಂತಿ.

“ನಿಂಗೆ ಗೊತ್ತಿತ್ತಾ?”

“ಮೇಯಲ್ಲಿ ಗೊತ್ತಾಯ್ತು. ನಿಲ್ಲಿಸ್ತೇನೆ ಅಂದ್ರು. ಪಟ್ಟಿಗೆ ಹೆಸರು ಹಾಕ್ಸಿದೆವು.”

“ಪಟ್ಟಿಗಾ? ನಿಂಗೆ ಆ ಪಟ್ಟಿ ಬಗ್ಗೆ ಯಾರು ಹೇಳಿದ್ದು?” ಎಂದು ಕೇಳುತ್ತಲೇ ಅವನು ಹೆಂಡತಿಯ ಕಡೆ ತಿರುಗಿದ. ಹೊದಿಕೆ ಮಡಚುತ್ತಿದ್ದ ಕ್ಷಮಾ ಕೈ ನಿಲ್ಲಿಸಿದಳು.

“ನಿನಗೂ ಗೊತ್ತಿತ್ತು.”

“ಹೇಳೋ ಹಾಗಿರಲಿಲ್ಲ ಶ್ರೀ. ಆಫೀಸಲ್ಲಿ ರೂಲ್ ಇತ್ತು. ಆಮೇಲೆ ಅತ್ತೆ ಬೇಡ ಅಂದ್ರು.”

“ಊರವರಿಗೆಲ್ಲ ಫೋನ್ ಮಾಡಿ ಹೇಗಿದ್ದೀರಿ ಕೇಳ್ತಿ. ಒಂದೇ ಹಾಸಿಗೆಯಲ್ಲಿ ಮಲಗುವವನಿಗೆ ಹೇಳ್ಲಿಕ್ಕೆ ರೂಲ್ ಅಡ್ಡ ಬಂತಾ? ನಾನು ಕಾರ್ಡ್ ಕೊಡುವಾಗ ನೀವಿಬ್ರೂ ಇಲ್ಲೇ ಇದ್ರಿ.”

“ಅವನನ್ನು ಬಯ್ಯಬೇಡ, ನನ್ನನ್ನು ಬಯ್ಯಿ” ಎಂದಳು ವಸಂತಿ. ಸೊಸೆಯ ಪರ ಮಾತಾಡಲು ಹೋಗಿ, ಅವಳನ್ನು ಎನ್ನುವ ಬದಲು ಬಾಯಿ ತಪ್ಪಿ ಅವನನ್ನು ಎಂದಿದ್ದಳು. ತಿದ್ದಿಕೊಳ್ಳಲಿಲ್ಲ.

“ನಂಗೆ ಬಯ್ಲಿಕ್ಕೂ ಶಕ್ತಿ ಇಲ್ಲಮ್ಮ” ಎಂದು ಶ್ರೀಜಿತ್ ಮೆಟ್ಟಿಲ ಮೇಲೆ ಕುಸಿದು ಕುಳಿತ.

*

ಮುಂದಿನ ವಾರ ಶ್ರೀಜಿತ್ ಮಾಡಿದ ಒಂದು ಕೆಲಸ ಮನೆಯನ್ನು ಪೂರ್ತಿ ಮುಗಿಸಿತು. ಕ್ಷಮಾಳ ಕಂಪನಿಗೆ ಉದ್ದದ ಪತ್ರ ಬರೆದ. ಕೆಲಸ ಕಳೆದುಕೊಂಡ ಮುದುಕನೊಬ್ಬ ನಿಮ್ಮಲ್ಲಿ ಅಷ್ಟು ಸೋಲುವಾಗ ನೀವು ಏನು ಮಾಡಿದಿರಿ, ಮನೆಯವರಿಗೆ ಹೇಳಿದ್ದು ನೀವಲ್ಲ, ನನ್ನ ಹೆಂಡತಿ, ಎಂದು ಬರೆದ. ಹಣ ವಾಪಸು ಬರುತ್ತದೆಂದು ನಂಬಿದ್ದ. ಹತ್ತು ದಿನಕ್ಕೆ ಉತ್ತರ ಬಂತು: ಫೋನ್ ಮಾಡಿದ್ದೇವೆ, ದಾಖಲೆ ಪಡೆದಿದ್ದೇವೆ, ನಿಯಮದಂತೆ ಎಲ್ಲವೂ ನಡೆದಿದೆ. ಅದೇ ದಿನ ನಿತಿನ್ ಕ್ಷಮಾಳನ್ನು ಒಳಗೆ ಕರೆದು ಅವಳ ಬ್ಯಾಡ್ಜ್ ತೆಗೆದುಕೊಂಡ. ಅವನ ಮುಖವೂ ಇಳಿದಿತ್ತು. “ನಾನು ಹೇಳಿದ್ದೆ ಅಲ್ವಾ” ಎಂದಷ್ಟೇ ಹೇಳಿದ.

ಕ್ಷಮಾ ಮನೆಗೆ ಬಂದು ಅನ್ನಕ್ಕಿಟ್ಟಳು. ಶ್ರೀಜಿತ್ ಬಂದಾಗ ಬಡಿಸಿದಳು. ಅವನು ಎರಡು ತುತ್ತು ಉಂಡ ಮೇಲೆ ಹೇಳಿದಳು.

“ನಿನ್ನ ಲೆಟರ್ ಕೆಲಸ ಮಾಡ್ತು. ನನ್ನ ತೆಗೆದುಹಾಕಿದ್ರು.”

“ಕ್ಷಮಾ, ನಾನು ಹಾಗೆ ಅಂತ...”

“ಗೊತ್ತು. ಊಟ ಮಾಡು.”

ಆಗಸ್ಟಿನಲ್ಲಿ ಅವಳು ಶಾಲೆಯ ರಜೆಗೆಂದು ಸ್ಮೃತಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋದಳು. ಇಲ್ಲಿ ಶಾಲೆ ಶುರುವಾದಾಗ ಇಬ್ಬರೂ ಬರಲಿಲ್ಲ. ಫೋನಿನಲ್ಲಿ ಸ್ಮೃತಿ ಅಪ್ಪನಿಗೆ ತನ್ನ ಹೊಸ ಯೂನಿಫಾರ್ಮ್ ತೋರಿಸಿದಳು. ಶ್ರೀಜಿತ್ ಟೂರಿನ ವ್ಯಾನು ಮಾರಿ ಹುಬ್ಬಳ್ಳಿಯವರ ಹಣ ಹಿಂತಿರುಗಿಸಿದ. ಏರ್‌ಪೋರ್ಟಿನಲ್ಲಿ ಲಗೇಜು ಹೇರುವ ಕೆಲಸಕ್ಕೆ ಸೇರಿ ಹೂಫ್‌ಡಾರ್ಪಿನಲ್ಲಿ ಒಂದು ಕೋಣೆ ಹಿಡಿದ. ಹದಿನೈದು ದಿನಕ್ಕೊಮ್ಮೆ ಬಂದು ಅಮ್ಮನ ಕೈಗೆ ದುಡ್ಡು ಕೊಟ್ಟು, ನಿಂತೇ ಚಾ ಕುಡಿದು ಹೋಗುತ್ತಿದ್ದ. ಅಪ್ಪನ ಕೋಣೆಯ ಕಡೆ ಹೋಗುತ್ತಿರಲಿಲ್ಲ.

ವಸಂತಿ ಗಂಡನ ಫೋನನ್ನು ತೆಗೆದುಕೊಂಡು ತನ್ನ ಸೀರೆಗಳ ನಡುವೆ ಇಟ್ಟಳು. ಅಷ್ಟು ಸಾಲದೆಂದು ನಗರಸಭೆಯ ಸಹಾಯ ಕೇಂದ್ರಕ್ಕೆ ಒಬ್ಬಳೇ ಹೋಗಿ ವಿಚಾರಿಸಿದಳು. ಕೆಲಸ ಹೋದದ್ದಕ್ಕೆ ಸರಕಾರ ಕೊಡುವ ಭತ್ಯೆಯೂ ಸೇರಿ ಗಂಡನ ಹಣವನ್ನೆಲ್ಲ ಒಬ್ಬ ಮೇಲ್ವಿಚಾರಕನ ಕೈಗೆ ಕೊಡುವಂತೆ ಹೆಂಡತಿ ಕೋರ್ಟಿಗೆ ಅರ್ಜಿ ಹಾಕಬಹುದೆಂದು ಅವರು ತಿಳಿಸಿದರು. ಅರ್ಜಿಯನ್ನು ಅವರೇ ತುಂಬಿಸಿಕೊಟ್ಟರು. ಅವಳು ಸಹಿ ಹಾಕಿದಳು. ಸಂಜೆ ಗಂಡನಿಗೆ ಗಂಜಿ ಬಡಿಸುತ್ತ ಹೇಳಿದಳು.

“ನಿಮ್ಮ ಮೇಲೆ ಕೋರ್ಟಿಗೆ ಹಾಕಿದ್ದೇನೆ.”

“ಒಳ್ಳೇದಾಯ್ತು” ಎಂದ ಹರಿಶ್ಚಂದ್ರ. ಉಪ್ಪಿನಕಾಯಿಗೆ ಕೈ ಚಾಚಿದ.

ಅಕ್ಟೋಬರಿನಲ್ಲಿ ವಿಚಾರಣೆ. ಸಣ್ಣ ಕೋಣೆ, ಉದ್ದದ ಮೇಜು. ನ್ಯಾಯಾಧೀಶೆ ಐವತ್ತರ ಆಸುಪಾಸಿನ ಸೌಮ್ಯ ಹೆಂಗಸು. ವಸಂತಿಗೆ ಮಾರ್ಕೆಟ್ಟಿನ ಡಚ್ ಬರುತ್ತಿತ್ತು, ಕೋರ್ಟಿನದು ಬರುತ್ತಿರಲಿಲ್ಲ. ಮಗನಿಗೆ ಅವತ್ತು ಪಾಳಿ ಇತ್ತು, ಅಥವಾ ಹಾಗೆಂದು ಹೇಳಿದ್ದ. ಯಾರಾದರೂ ಭಾಷಾಂತರ ಮಾಡುವವರಿದ್ದಾರೆಯೇ ಎಂದು ನ್ಯಾಯಾಧೀಶೆ ಕೇಳಿದಳು. ಹರಿಶ್ಚಂದ್ರ ತಾನೇ ಮಾಡುತ್ತೇನೆ ಎಂದ. ನ್ಯಾಯಾಧೀಶೆ ಹಿಂಜರಿದಳು. ವಸಂತಿ ಆಗಬಹುದೆಂದು ತಲೆಯಾಡಿಸಿದಳು.

“ಅರ್ಜಿ ಯಾಕೆ ಹಾಕಿದ್ದು ಅಂತ ನಿನ್ನ ಬಾಯಲ್ಲೇ ಕೇಳ್ಬೇಕಂತೆ.”

ವಸಂತಿ ಅವನನ್ನು ನೋಡದೆ, ನ್ಯಾಯಾಧೀಶೆಯನ್ನೇ ನೋಡುತ್ತ ಹೇಳಿದಳು. “ಇವರು ನನ್ನ ಗಂಡ. ಕುಡಿಯುವವರಲ್ಲ, ಹೊಡೆಯುವವರಲ್ಲ. ಇಪ್ಪತ್ತನಾಲ್ಕು ವರ್ಷ ಸಂಬಳ ತಂದು ನನ್ನ ಕೈಯಲ್ಲಿ ಕೊಟ್ಟವರು. ಈಗ ಇವರನ್ನು ನಂಬ್ಲಿಕ್ಕೆ ಆಗುದಿಲ್ಲ. ಇವರಿಂದ ಮಗ ಮನೆ ಬಿಟ್ಟ. ಸೊಸೆ ಹೋದಳು. ಮೊಮ್ಮಗಳು ಹೋದಳು. ನಾನೂ ಹೋಗ್ತಿದ್ದೆ. ಹೋಗ್ಲಿಕ್ಕೆ ಜಾಗ ಇಲ್ಲ.”

ಹರಿಶ್ಚಂದ್ರ ಅದನ್ನು ಡಚ್ಚಿಗೆ ಮಾಡಿದ. ನಿಧಾನವಾಗಿ, ಸ್ಪಷ್ಟವಾಗಿ, ಒಂದು ಪದವನ್ನೂ ಬಿಡಲಿಲ್ಲ. ತನ್ನನ್ನು ‘ಅವರು’ ಎಂದೇ ಹೇಳಿಕೊಂಡ. ನ್ಯಾಯಾಧೀಶೆ ಬರೆದುಕೊಂಡಳು. ವಾರಕ್ಕೆ ಅರವತ್ತು ಯೂರೊ ಖರ್ಚಿಗೆ ಸಿಗುತ್ತದೆ, ಉಳಿದದ್ದೆಲ್ಲ ಮೇಲ್ವಿಚಾರಕನ ಕೈಯಲ್ಲಿ ಎಂದಳು. ಅದನ್ನೂ ಅವನು ಹೆಂಡತಿಗೆ ಹೇಳಿದ. ಕೊನೆಗೆ ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಹರಿಶ್ಚಂದ್ರನನ್ನೇ ಏನೋ ಕೇಳಿದಳು. ಅವನು ಒಂದೇ ಪದದಲ್ಲಿ ಉತ್ತರಿಸಿದ. ಅದನ್ನು ವಸಂತಿಗೆ ತಿಳಿಸಲಿಲ್ಲ.

ಹೊರಗೆ ಬಸ್ ನಿಲ್ದಾಣದಲ್ಲಿ ಇಬ್ಬರೂ ನಿಂತರು. ಗಾಳಿ ಜೋರಾಗಿತ್ತು. ವಸಂತಿ ಶಾಲಿನ ತುದಿಯನ್ನು ಕಿವಿಗೆ ಸುತ್ತಿಕೊಂಡಳು.

“ನಾನು ಹೇಳಿದ್ದೆಲ್ಲ ಹೇಳಿದ್ರಾ?”

“ಹೇಳಿದೆ.”

“ಕಡೆಗೆ ನಿಮ್ಮನ್ನು ಎಂತ ಕೇಳಿದ್ದು ಅವಳು?”

“ಈಗಲೂ ಆಡ್ತೀರಾ ಅಂತ.”

“ನೀವು ಎಂತ ಹೇಳಿದ್ರಿ?”

“ಹೌದು ಅಂದೆ.”

ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು.

“ಫೋನ್ ನನ್ನ ಹತ್ರ ಉಂಟಲ್ಲ” ಎಂದಳು ವಸಂತಿ.

“ಶ್ರೀಜಿತ್‌ನ ಹಳೇದೊಂದು ಅಟ್ಟದಲ್ಲಿತ್ತು.”

ಅವಳು ಬಸ್ಸು ಹತ್ತಲಿಲ್ಲ. ಅವನೂ ಹತ್ತಲಿಲ್ಲ. ಡ್ರೈವರ್ ಒಂದು ಕ್ಷಣ ಇಬ್ಬರನ್ನೂ ನೋಡಿ, ಬಾಗಿಲು ಹಾಕಿಕೊಂಡು ಹೊರಟುಹೋದ.